ಕೋಟೆಯಿಂದ ತವರಿಗೆ

ಶಿವಮೊಗ್ಗೆಯಲ್ಲಿ ಬಡಾವಣೆಗಳು ಎಷ್ಟೇ ಬೆಳೆದಿರಲಿ, ಊರಿನ ಹಳೆಯ ಉಸಿರು ಇಂದಿಗೂ ಇರುವುದು ಕೋಟೆಯಲ್ಲಿಯೇ. ಪಕ್ಕದಲ್ಲಿ ತುಂಗೆ, ದಡದಲ್ಲಿ ಶಿವಪ್ಪನಾಯಕನ ಹೆಸರು ಹೊತ್ತ ಅರಮನೆ, ಅನತಿದೂರದಲ್ಲಿ ಆಂಜನೇಯ, ಮಾರಿಕಾಂಬೆ. ಅರಮನೆಯೀಗ ವಸ್ತುಸಂಗ್ರಹಾಲಯ. ಅದರ ಆವರಣದ ಶಿಲೆಗಳಲ್ಲಿ ಕಾಳಗದಲ್ಲಿ ಮಡಿದವನಿಗೆ ವೀರಗಲ್ಲುಂಟು, ಪತಿಯ ಚಿತೆಯೇರಿದವಳಿಗೆ ಮಾಸ್ತಿಕಲ್ಲುಂಟು. ಹೆರಿಗೆಯಲ್ಲಿ ಪ್ರಾಣಬಿಟ್ಟ ತಾಯಿಯ ನೆನಪಿಗೆ ನಿಂತ ಕಲ್ಲು ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ. ಅಂಥವರ ಸಂಖ್ಯೆ ಅಂದು ವೀರರ ಸಂಖ್ಯೆಗಿಂತ ಕಡಿಮೆಯೇನೂ ಇದ್ದಿರಲಾರದು.

2025ರ ಶ್ರಾವಣದಲ್ಲಿ ಕೋಟೆಯ ಭಕ್ತರೊಬ್ಬರ ಮನೆಗೆ ಪೂಜೆಗೆ ಹೋಗಿದ್ದೆ. ಸೊಸೆಗೆ ಏಳನೆಯ ತಿಂಗಳು. ಚೊಚ್ಚಲ ಹೆರಿಗೆಗೆ ತವರಿಗೆ ಕಳುಹಿಸಲು ಒಳ್ಳೆಯ ದಿನ ನೋಡಿಕೊಡಬೇಕೆಂದು ಅತ್ತೆಯವರು ಕೇಳಿದರು. ತವರು ಸಾಗರ ತಾಲ್ಲೂಕಿನ ಕರೂರು ಹೋಬಳಿ. ಶರಾವತಿ ಹಿನ್ನೀರಿನ ಆಚೆ.

"ದಿನವಿರಲಿ ತಾಯಿ, ಹೆರಿಗೆ ಯಾವ ಆಸ್ಪತ್ರೆಯಲ್ಲಿ?" ಎಂದೆ.

"ಅದನ್ನೆಲ್ಲ ಬೀಗರು ನೋಡ್ಕೋತಾರೆ ಶಾಸ್ತ್ರಿಗಳೇ. ಈಗ ಸೇತುವೆ ಬೇರೆ ಆಗಿದೆಯಲ್ಲ" ಎಂದರು ಆ ತಾಯಿ, ನಿಶ್ಚಿಂತೆಯಿಂದ.

ಕೋಟೆಯಿಂದ ಸಾಗರ ರಸ್ತೆಯ ಮೆಗ್ಗಾನ್ ಆಸ್ಪತ್ರೆಗೆ ಆಟೋದಲ್ಲಿ ಕೆಲವೇ ನಿಮಿಷಗಳ ಹಾದಿ. ಅಲ್ಲಿ ಹಗಲಿರುಳು ಪ್ರಸೂತಿ ವೈದ್ಯರಿದ್ದಾರೆ, ರಕ್ತನಿಧಿಯಿದೆ. ಇಷ್ಟು ಸಮೀಪವಿದ್ದವಳನ್ನು ನಮ್ಮ ವಾತ್ಸಲ್ಯದ ಪದ್ಧತಿಯೇ ಎತ್ತಿಕೊಂಡು ಹೋಗಿ ಹೊಳೆಯಾಚೆ ಇಳಿಸುತ್ತದೆ. ತಾಯಿ-ಮಗುವಿನ ಆರೈಕೆಯಲ್ಲಿ ಪ್ರದೇಶ ಪ್ರದೇಶಕ್ಕೂ ವ್ಯತ್ಯಾಸವಿದೆಯೆಂದು ವರದಿಗಳು ಬರೆಯುತ್ತವೆ. ಒಬ್ಬಳೇ ಹೆಣ್ಣುಮಗಳು ಒಂದೇ ಗರ್ಭಾವಸ್ಥೆಯಲ್ಲಿ ಒಂದು ಪ್ರದೇಶದಿಂದ ಇನ್ನೊಂದಕ್ಕೆ ಹೋಗುತ್ತಾಳೆಂಬುದನ್ನು ಆ ಅಂಕಿಗಳು ಹೇಳುವುದಿಲ್ಲ.

ಆ ಹೊಳೆಯ ಕಥೆಯನ್ನು ಸ್ವಲ್ಪ ಹೇಳಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ನೀರು ನಿಂತಾಗ ಕರೂರು, ಬಾರಂಗಿ ಹೋಬಳಿಗಳ ಜನಕ್ಕೆ ಸಾಗರದ ನೇರ ದಾರಿ ಮುಳುಗಿತು. ನಾಡಿಗೆಲ್ಲ ಬೆಳಕು ಕೊಟ್ಟವರಿಗೆ ಉಳಿದದ್ದು ಲಾಂಚು. ಸಂಜೆಯ ಕೊನೆಯ ಲಾಂಚು ಹೋದ ಮೇಲೆ ನೋವು ಕಾಣಿಸಿಕೊಂಡರೆ, ನಿಟ್ಟೂರಿನ ಕಡೆಯಿಂದ ಕಾಡುದಾರಿಯಲ್ಲಿ ಸುತ್ತಿ ಬರಬೇಕಾಗಿತ್ತು. ಹೆರಿಗೆಯ ನಂತರದ ಅತಿ ರಕ್ತಸ್ರಾವಕ್ಕೆ ಚಿಕಿತ್ಸೆ ದೊರೆಯದಿದ್ದರೆ ಎರಡು ಗಂಟೆಯೊಳಗೆ ಪ್ರಾಣ ಹೋಗಬಹುದೆಂದು ವೈದ್ಯರು ಹೇಳುತ್ತಾರೆ. ಅರವತ್ತು ವರ್ಷಗಳ ಬಳಿಕ, 2025ರ ಜುಲೈ 14ರಂದು, ಅಂಬಾರಗೋಡ್ಲು-ಕಳಸವಳ್ಳಿ ನಡುವಿನ ಸುಮಾರು ಎರಡೂವರೆ ಕಿ.ಮೀ. ಉದ್ದದ ತೂಗುಸೇತುವೆ ಉದ್ಘಾಟನೆಯಾಯಿತು. ಸಿಗಂದೂರಿನ ಯಾತ್ರಿಕರಿಗೆ ಅನುಕೂಲವಾಯಿತೆಂದು ಎಲ್ಲರೂ ಹರ್ಷಿಸಿದರು. ತುಮರಿಯ ಗರ್ಭಿಣಿಗೆ ಆದ ಅನುಕೂಲ ಅದಕ್ಕಿಂತ ದೊಡ್ಡದೆಂದು ನನ್ನ ಎಣಿಕೆ.

ಆದರೆ ಸೇತುವೆ ನೀಗುವುದು ಒಂದು ವಿಳಂಬವನ್ನು ಮಾತ್ರ. 1994ರಲ್ಲಿ ಥಡ್ಡಿಯಸ್ ಮತ್ತು ಮೇಯ್ನ್ ಎಂಬ ಇಬ್ಬರು ವಿದುಷಿಯರು ತಾಯಂದಿರ ಸಾವಿಗೆ ಮೂರು ವಿಳಂಬಗಳನ್ನು ಗುರುತಿಸಿದರು: ಆಸ್ಪತ್ರೆಗೆ ಹೋಗಬೇಕೆಂದು ಮನೆಯವರು ನಿಶ್ಚಯಿಸುವಲ್ಲಿ, ಹೋಗಿ ಸೇರುವಲ್ಲಿ, ಸೇರಿದ ಮೇಲೆ ತಕ್ಕ ಚಿಕಿತ್ಸೆ ದೊರೆಯುವಲ್ಲಿ. ಮೊದಲನೆಯದು ಅಡುಗೆಮನೆಯಲ್ಲಿಯೇ ಇದೆ. ಕಾಲು ಊದಿಕೊಂಡು, ತಲೆನೋವು ಬಿಡದೆ, ಕಣ್ಣು ಮಂಜಾದರೆ ರಕ್ತದೊತ್ತಡ ಏರಿರಬಹುದು, ಅದು ನಂಜಿಗೆ ತಿರುಗಿದರೆ ತಾಯಿ-ಮಗು ಇಬ್ಬರಿಗೂ ಅಪಾಯ. "ಬಸುರಿಗೆ ಇದೆಲ್ಲ ಇದ್ದದ್ದೇ" ಎಂಬ ಹಿರಿಯರ ಮಾತಿನಲ್ಲಿ ಒಂದು ರಾತ್ರಿ ಕಳೆದುಹೋಗುತ್ತದೆ.

ಮೂರನೆಯ ವಿಳಂಬ ಪಟ್ಟಣದ್ದು. 2005-06ರಲ್ಲಿ ಕರ್ನಾಟಕದ ನೂರು ಹೆರಿಗೆಗಳಲ್ಲಿ 65 ಆಸ್ಪತ್ರೆಯಲ್ಲಾಗುತ್ತಿದ್ದವು. 2019-21ರ ಸಮೀಕ್ಷೆಯ ವೇಳೆಗೆ 97. ಲಕ್ಷ ಜನನಕ್ಕೆ 2001-03ರಲ್ಲಿ 228 ಇದ್ದ ತಾಯಂದಿರ ಮರಣ 2018-20ರಲ್ಲಿ 69ಕ್ಕೆ ಇಳಿಯಿತು. ಸಂತೋಷದ ವಿಷಯವೇ. ಅದೇ ಅವಧಿಯಲ್ಲಿ ನೆರೆಯ ಕೇರಳದ್ದು 19 ಎಂಬುದನ್ನೂ ಮರೆಯಬಾರದು. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡದ್ದು ನಾಡಿಗೆಲ್ಲ ತಿಳಿದಿದೆ. ಅವರು ಆಸ್ಪತ್ರೆಯ ಬಾಗಿಲು ದಾಟಿದವರೇ ಆಗಿದ್ದರು.

ಹಾಗೆಂದು ಹಳ್ಳಿಯಲ್ಲಿ ಏನೂ ಸಾಧ್ಯವಿಲ್ಲವೆಂದಲ್ಲ. ನಮ್ಮ ಸಮಾಜದ ಹಿರಿಯರು 1916ರಲ್ಲಿ ಕಟ್ಟಿದ ಕೆ.ಎಲ್.ಇ. ಸಂಸ್ಥೆಯ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಆ ಜಿಲ್ಲೆಯ ಹಳ್ಳಿಗಳಲ್ಲಿ 1620 ಗರ್ಭಿಣಿಯರ ಮೇಲೆ ಅಧ್ಯಯನ ನಡೆಸಿದರು. ದಾದಿಯರು ಹೆರಿಗೆ ಮಾಡಿಸಿದೊಡನೆ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದರು. ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಅದನ್ನು ಪ್ರಕಟಿಸಿದಾಗ ಜಗತ್ತಿನ ವೈದ್ಯರು ಬೆಳಗಾವಿಯ ಹಳ್ಳಿಗಳತ್ತ ನೋಡಿದರು. ಇದನ್ನು ನಮ್ಮ ಸಭೆಗಳಲ್ಲಿ ಯಾರೂ ಹೇಳುವುದಿಲ್ಲವೇಕೋ!

ಕೋಟೆಯಿಂದ ಭದ್ರಾವತಿ ಸುಮಾರು ಇಪ್ಪತ್ತು ಕಿ.ಮೀ. ಅಲ್ಲಿ ಬೇರೊಂದು ಲೋಕ. ಕಬ್ಬಿಣದ ಕಾರ್ಖಾನೆ, ಅನಂತರದ ಕಾಗದದ ಕಾರ್ಖಾನೆಗಳನ್ನು ನಂಬಿ ತಮಿಳು, ತೆಲುಗು, ಮಲಯಾಳ ನಾಡುಗಳ ಕುಟುಂಬಗಳೂ ಬಂದು ನೆಲೆಸಿದವು. ಒಂದೇ ಕೇರಿಯಲ್ಲಿ ನಾಲ್ಕು ಬಗೆಯ ಬಾಣಂತನ. ಉತ್ತರ ಕರ್ನಾಟಕದಿಂದ ಬಂದ ನಮ್ಮವರಲ್ಲಿ ಅಂಟಿನುಂಡೆ, ಅಳ್ವಿ ಪಾಯಸ, ಸಬ್ಬಸಿಗೆ, ಮಲೆನಾಡಿನವರಲ್ಲಿ ಮೆಣಸು-ಜೀರಿಗೆಯ ಸಾರು, ತಮಿಳರಲ್ಲಿ ಲೇಹ್ಯ, ಮಲಯಾಳಿಗಳಲ್ಲಿ ಎಣ್ಣೆ ಹಚ್ಚಿ ಮೂಲಿಕೆಯ ನೀರಿನ ಸ್ನಾನ. ಇವುಗಳಲ್ಲಿ ಯಾವುದು ಮೇಲೆಂದು ವಾದಿಸುವುದು ವ್ಯರ್ಥ. ಬಳಲಿದ ದೇಹಕ್ಕೆ ಆಹಾರವೂ ವಿಶ್ರಾಂತಿಯೂ ಸಿಕ್ಕರೆ ಸರಿ. ಬಾಯಾರಿದರೂ ನೀರು ಕೊಡದಿರುವುದು, ಸೊಪ್ಪು-ಕಾಯಿಪಲ್ಯೆ ಬಿಡಿಸುವುದು, ಮೊದಲ ಹಳದಿ ಹಾಲನ್ನು ಚೆಲ್ಲಿ ಎಳೆಗೂಸಿಗೆ ಜೇನು ನೆಕ್ಕಿಸುವುದು, ಹೊಕ್ಕುಳಿಗೆ ಬೂದಿ ಹಚ್ಚುವುದು, ಕಿಟಕಿ ಮುಚ್ಚಿ ಕೆಂಡದ ಹೊಗೆ ಹಾಕುವುದು, ಇವು ಮಾತ್ರ ಯಾವ ಭಾಷೆಯವರಲ್ಲಿದ್ದರೂ ಕೆಟ್ಟವೇ.

ಇಲ್ಲೊಂದು ಮಾತು. ಶರಣಧರ್ಮ ನಿರಾಕರಿಸಿದ ಐದು ಸೂತಕಗಳಲ್ಲಿ ಜನನಸೂತಕವೂ ಒಂದು. ಕೊರಳಲ್ಲಿ ಲಿಂಗವಿದ್ದವಳಿಗೆ ಹೆರಿಗೆಯ ಮೈಲಿಗೆಯಿಲ್ಲ. ಹೀಗಿದ್ದೂ ನಮ್ಮ ಎಷ್ಟೋ ಮನೆಗಳಲ್ಲಿ ಬಾಣಂತಿಗೆ ಕೊಡುವುದು ಗಾಳಿ-ಬೆಳಕಿಲ್ಲದ ಹಿಂದಿನ ಕೋಣೆಯನ್ನು. ವಿಭೂತಿ ಧರಿಸಿ ಸೂತಕವಿಲ್ಲವೆಂದು ಪ್ರವಚನ ಕೇಳಿಬಂದವರೇ ಆ ಬಾಗಿಲನ್ನು ಎಳೆದುಕೊಳ್ಳುತ್ತಾರೆ.

ತವರಿಗೆ ಕಳುಹಿಸಬೇಡಿರೆಂದು ಹೇಳುವ ಕಠಿಣ ಮನಸ್ಸು ನನಗಿಲ್ಲ. ಚೊಚ್ಚಲ ಬಸುರಿಗೆ ತಾಯಿಯ ಕೈಯ ಬಿಸಿನೀರಿಗಿಂತ ದೊಡ್ಡ ಔಷಧವಿಲ್ಲ. ತಾಯಿಯೇ ಮಗಳ ಗಂಡನ ಮನೆಗೆ ಬಂದು ಹೆರಿಗೆಯವರೆಗೆ ಇರಬಹುದಲ್ಲವೆ? ಹೆರಿಗೆಯಾಗಿ, ವೈದ್ಯರು ಸರಿಯೆಂದ ಮೇಲೆ ತೊಟ್ಟಿಲ ಸಮೇತ ತವರಿಗೆ ಹೋಗಲಿ. ಬಾಣಂತನ ಅಲ್ಲಿಯೇ ನಡೆಯಲಿ. ಬೀಗರು ಉಳಿದುಕೊಳ್ಳುವುದು ಸಂಕೋಚವೆನ್ನುವವರು ಸಂಕೋಚ, ಪ್ರಾಣ ಎರಡನ್ನೂ ತೂಗಿ ನೋಡಬೇಕು. ಮೊದಲೇ ಹೋಗಲೇಬೇಕಾದರೆ ಹೆರಿಗೆಯ ಆಸ್ಪತ್ರೆ ಯಾವುದು, ರಾತ್ರಿ ಕರೆದರೆ ಬರುವ ವಾಹನ ಯಾರದು, ರಕ್ತ ಕೊಡುವವರು ಯಾರು ಎಂಬುದು ಹೊರಡುವ ಮೊದಲೇ ಗೊತ್ತಾಗಿರಲಿ. 108ರ ಜೊತೆಗೆ ಊರಿನ ಒಂದು ಗಾಡಿಯೂ ಗೊತ್ತಿರಲಿ.

ತಾಯಿ ಕಾರ್ಡ್ ಸೀರೆಯ ಪೆಟ್ಟಿಗೆಯ ತಳದಲ್ಲಿರದೆ ಕೈಚೀಲದಲ್ಲಿರಲಿ. ಕೋಟೆಯ ಆಶಾ ಕಾರ್ಯಕರ್ತೆಗೂ ತವರೂರಿನ ಆಶಾಳಿಗೂ ಹೋಗುವ ದಿನ ತಿಳಿಸಿರಬೇಕು. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಆಶಾ ಮನೆಗೆ ಬಂದು ನೋಡಬೇಕೆಂಬ ನಿಯಮವಿದೆ. ಮೈಬಿಸಿ, ತೂಕ, ಹೊಕ್ಕುಳು, ಹಾಲು ಕುಡಿಯುವ ರೀತಿ ಎಲ್ಲವನ್ನೂ ಪರೀಕ್ಷಿಸುತ್ತಾಳೆ. ತಿಳಿಸದಿದ್ದರೆ ಅವಳು ಹುಡುಕಿಕೊಂಡು ಬರುವುದು ಕೋಟೆಯ ಮನೆಗೆ, ಕೂಸು ಇರುವುದು ಹೊಳೆಯಾಚೆ.