ಅವ್ವನ ಸೆರಗಿನ ಗಂಟು

ಫೆಬ್ರುವರಿ ತಿಂಗಳು ಬಂತೆಂದರೆ ನಮ್ಮ ಅವ್ವನಿಗೆ ವಯನಾಡಿನ ಪಳ್ಳಿಕುನ್ನು ನೆನಪಾಗುತ್ತದೆ. ಲೂರ್ದು ಮಾತೆಯ ಹಬ್ಬಕ್ಕೆ ಹೋಗಿಬರುವುದು 2003ರಿಂದ ನಮ್ಮಿಬ್ಬರ ವಾಡಿಕೆ. ಆಗ ನಾವಿನ್ನೂ ಗುರುಮಠದ ವಿದ್ಯಾರ್ಥಿ. ಅವ್ವನ ಹರಕೆಯೊಂದಿತ್ತು, ಜೊತೆಗೆ ಹೋದೆವು. ಹರಕೆ ಅಂದೇ ತೀರಿತು, ಪ್ರಯಾಣ ಮಾತ್ರ ಇಂದಿಗೂ ನಿಂತಿಲ್ಲ. ನಿಜ ಹೇಳಬೇಕೆಂದರೆ ಅರ್ಧ ಭಕ್ತಿ, ಅರ್ಧ ವ್ಯಾಪಾರ.

ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರದ ಕಾಡು, ಮುತ್ತಂಗ ದಾಟಿದರೆ ಸುಲ್ತಾನ್ ಬತ್ತೇರಿ. ಟಿಪ್ಪು ಸುಲ್ತಾನನ ಮದ್ದುಗುಂಡುಗಳಿಂದ ಬಂದ ಹೆಸರದು. ಅದಕ್ಕೂ ಮೊದಲು ಅದು ಗಣಪತಿವಟ್ಟಂ. ಅಲ್ಲಿನ ಹಳೆಯ ಜೈನ ಬಸದಿಯನ್ನು ಕಂಡರೆ ಕನ್ನಡ ನಾಡಿಗೂ ಈ ಬೆಟ್ಟಗಳಿಗೂ ಇರುವ ನಂಟು ಎಷ್ಟು ಹಿಂದಿನದೆಂದು ತಿಳಿಯುತ್ತದೆ. ಪಳ್ಳಿಕುನ್ನಿನ ದೇವಾಲಯ 1908ರಲ್ಲಿ ಫ್ರೆಂಚ್ ಮಿಷನರಿ ಗುರುಗಳಿಂದ ಆರಂಭವಾಯಿತು. ಆಗ ವಯನಾಡು ನಮ್ಮ ಮೈಸೂರು ಧರ್ಮಪ್ರಾಂತದ ಭಾಗ. 1923ರಲ್ಲಿ ಕಲ್ಲಿಕೋಟೆ ಧರ್ಮಪ್ರಾಂತ ಸ್ಥಾಪನೆಯಾದ ಮೇಲೆ ಅಲ್ಲಿಗೆ ಸೇರಿತು. ಹಬ್ಬಕ್ಕೆ ಎಲ್ಲ ಧರ್ಮದವರೂ ಬರುತ್ತಾರೆ. ರಸ್ತೆಯ ಎರಡೂ ಬದಿ ಅಂಗಡಿಗಳು.

ಬಲಿಪೂಜೆ ಮುಗಿಯುವವರೆಗೆ ಅವ್ವ ನಮ್ಮನ್ನು 'ಸ್ವಾಮಿ' ಎನ್ನುತ್ತಾಳೆ. ಅಂಗಡಿಸಾಲಿಗೆ ಕಾಲಿಟ್ಟ ಕೂಡಲೇ 'ಮಗಾ' ಆಗುತ್ತೇವೆ. "ಬಿಳಿ ನಿಲುವಂಗಿ ಬಿಚ್ಚಿಟ್ಟು ಬಾ ಮಗಾ, ಅದನ್ನ ಕಂಡ್ರೆ ರೇಟು ಏರಿಸ್ತಾರೆ" ಎನ್ನುವುದು ಪ್ರತಿವರ್ಷದ ಎಚ್ಚರಿಕೆ. ಅವಳಿಗೆ ಬರುವ ಮಲಯಾಳಂ 'ಎತ್ರಯಾ' ಒಂದೇ. ಉಳಿದದ್ದೆಲ್ಲ ಕನ್ನಡ, ಕೈಸನ್ನೆ, ಮತ್ತು ಎದ್ದು ಹೊರಡುವ ನಟನೆ.

ಕರಿಮೆಣಸು ಕೊಳ್ಳುವಾಗ ಅವಳದು ದೊಡ್ಡ ಪರೀಕ್ಷೆ. ಹಿಡಿ ಕಾಳು ತೆಗೆದು ತೂಕ ನೋಡುತ್ತಾಳೆ, ಅಂಗೈಯಲ್ಲಿ ಉಜ್ಜಿ ಮೂಸುತ್ತಾಳೆ, ಲೋಟದ ನೀರಿಗೆ ನಾಲ್ಕು ಕಾಳು ಹಾಕುತ್ತಾಳೆ. ಜೊಳ್ಳು ಕಾಳೂ ಬೆರೆಸಿದ ಪರಂಗಿ ಬೀಜವೂ ತೇಲುತ್ತವೆ. ಗಂಧಕಶಾಲ ಅಕ್ಕಿಯಾದರೆ ಮೂಗೇ ಸಾಕ್ಷಿ. 2010ರಲ್ಲಿ ಭೌಗೋಳಿಕ ಗುರುತು ಪಡೆದ ಈ ಸಣ್ಣ ಅಕ್ಕಿಯನ್ನು ಅವ್ವ ಒಂದು ಕಿಲೋ ಮಾತ್ರ ಕೊಳ್ಳುತ್ತಾಳೆ, ಈಸ್ಟರ್ ಪಾಯಸಕ್ಕೆ.

ಮೊದಲ ವರ್ಷ ಮೆಣಸು ಬಹಳ ಅಗ್ಗವಿತ್ತು. ಮೂರು ಕಿಲೋ ಕಟ್ಟಿಸಿಕೊಂಡು ಗೆದ್ದೆವೆಂದುಕೊಂಡೆವು. ಅದು ಯಾರ ಸೋಲೆಂದು ಆಮೇಲೆ ತಿಳಿಯಿತು. ಕಿಲೋಗೆ 200 ರೂಪಾಯಿ ದಾಟಿದ್ದ ಮೆಣಸು ಕೆಲವೇ ವರ್ಷಗಳಲ್ಲಿ 100ಕ್ಕಿಂತ ಕೆಳಗಿಳಿದಿತ್ತು. ಕಾಫಿಯ ಬೆಲೆಯೂ ಬಿದ್ದಿತ್ತು, ಬಳ್ಳಿಗೆ ಸೊರಗು ರೋಗ ಬೇರೆ. ಸಾಲ ತೀರಿಸಲಾಗದೆ ವಯನಾಡಿನ ಎಷ್ಟೋ ರೈತರು ಪ್ರಾಣ ಕಳೆದುಕೊಂಡರು. 2006ರಲ್ಲಿ ಕೇಂದ್ರ ಸರ್ಕಾರ ದೇಶದ 31 ಜಿಲ್ಲೆಗಳಿಗೆ ವಿಶೇಷ ನೆರವು ಸಾರಿದಾಗ ವಯನಾಡೂ ಆ ಪಟ್ಟಿಯಲ್ಲಿತ್ತು. ಪತ್ರಿಕೆಯಲ್ಲಿ ಬಂದ ಈ ಸುದ್ದಿಯನ್ನು ಅವ್ವನಿಗೆ ಓದಿ ಹೇಳಿದೆವು. ಅವಳು ಮೆಣಸಿನ ಡಬ್ಬಿಯ ಕಡೆ ನೋಡಿ ಸುಮ್ಮನಾದಳು.

ಹೋದ ವರ್ಷ ನಡೆದದ್ದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇವೆ. ಅಂಗಡಿಸಾಲಿನ ಕೊನೆಯಲ್ಲಿ ಒಬ್ಬ ಮುದುಕಿ ಬಿದಿರಿನ ಬುಟ್ಟಿಗಳನ್ನು ಇಟ್ಟುಕೊಂಡು ಕೂತಿದ್ದಳು. ಅವಳು ಆಡಿದ ಮಾತು ಮಲಯಾಳಂ ಅಲ್ಲ, ಕನ್ನಡದಂತೆಯೇ ಕೇಳಿಸಿತು. ಕಾಟ್ಟುನಾಯ್ಕರ ಹೆಂಗಸಂತೆ. ಇವರು ನಮ್ಮ ಹೆಗ್ಗಡದೇವನಕೋಟೆಯ ಜೇನು ಕುರುಬರಿಗೆ ಹತ್ತಿರದವರು. ಬುಟ್ಟಿಗೆ 250 ಎಂದಳು. ಅವ್ವ 150ರಿಂದ ಶುರು ಮಾಡಿ 180ಕ್ಕೆ ನಿಲ್ಲಿಸಿದಳು. ನಮಗೆ ನಾಚಿಕೆಯಾಗಿ ಜೇಬಿಗೆ ಕೈಹಾಕಿದರೆ ಕೈ ತಟ್ಟಿದಳು. "ನಿನಗೆ ತಿಂಗಳಾದ್ರೆ ಊಟ ಬರ್ತದೆ ಮಗಾ. ನಾನು ಹಿಂಗೆ ಉಳಿಸಿದ್ದಕ್ಕೇ ನೀನು ಗುರುಮಠದ ಬಸ್ಸು ಹತ್ತಿದ್ದು." ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಮರಳುವಾಗ ಪನಮರಂ, ಮಾನಂದವಾಡಿ, ಬಾವಲಿ ದಾರಿ ಹಿಡಿದೆವು. ಸಂಜೆ ಆರಕ್ಕೆ ಕಾಡಿನ ಗೇಟು ಮುಚ್ಚುವುದರಿಂದ ಸಮಯ ನೋಡಿಕೊಂಡೇ ಹೊರಡಬೇಕು. ಮಾನಂದವಾಡಿಯ ಸಮೀಪ, ಹೊಳೆಯ ದಡದಲ್ಲಿ ವಳ್ಳಿಯೂರ್‌ಕಾವು ಭಗವತಿಯ ಗುಡಿಯಿದೆ. ಮಾರ್ಚ್ ತಿಂಗಳಲ್ಲಿ ಅಲ್ಲಿ 14 ದಿನಗಳ ಉತ್ಸವ, ದೊಡ್ಡ ಸಂತೆ. ಮರದ ನೆರಳಲ್ಲಿ ಬುತ್ತಿ ಬಿಚ್ಚಿದಾಗ ಆ ಸಂತೆಯ ಹಳೆಯ ಕಥೆಯನ್ನು ಅವ್ವನಿಗೆ ಹೇಳಿದೆವು.

ಹಿಂದೆ ಆ ಉತ್ಸವದಲ್ಲಿ ಚೌಕಾಸಿ ನಡೆಯುತ್ತಿದ್ದುದು ಮನುಷ್ಯರ ಮೇಲೆ. ಪಣಿಯರು, ಅಡಿಯರು ಅಲ್ಲಿ ಸೇರುತ್ತಿದ್ದರು. ಇವರ ಬಳಗವನ್ನೇ ನಮ್ಮ ಕೊಡಗಿನಲ್ಲಿ ಎರವರು ಎನ್ನುವುದು. ಜಮೀನುದಾರರು ಬಂದು 'ನಿಲ್ಪುಪಣಂ' ಎಂಬ ಚಿಲ್ಲರೆ ಮುಂಗಡ ಕೊಟ್ಟರೆ ಒಂದು ವರ್ಷ ಆ ಒಡೆಯನ ಗದ್ದೆ ಬಿಟ್ಟು ಕದಲುವಂತಿಲ್ಲ. ದೇವಿಯ ಎದುರಿನ ಮಾತು, ಮುರಿಯುವ ಧೈರ್ಯ ಯಾರಿಗೂ ಇಲ್ಲ. ಕೂಲಿಯೆಂದರೆ ಅಳತೆಯ ಭತ್ತ. ಜೀತ ಪದ್ಧತಿಯನ್ನು ರದ್ದುಮಾಡುವ ಕಾನೂನು ಬಂದದ್ದು 1976ರಲ್ಲಿ.

ಅವ್ವ ತುತ್ತು ಕೈಯಲ್ಲೇ ಹಿಡಿದು ಕೂತಳು. ಸ್ವಲ್ಪ ಹೊತ್ತಿನ ಮೇಲೆ, "ನಮ್ಮವ್ವನ್ನೂ ಹಂಗೇ ಕರ್ಕೊಂಡು ಹೋಗಿದ್ರು, ಕೊಡಗಿನ ತೋಟಕ್ಕೆ. ಮೇಸ್ತ್ರಿ ಮುಂಗಡ ಕೊಟ್ಟಿದ್ದ. ಅದು ತೀರೋವರೆಗೂ ಊರಿಗೆ ಬಿಡಲಿಲ್ಲ. ನಾನು ಹುಟ್ಟಿದ್ದು ಅಲ್ಲೇ, ಲೈನ್ ಮನೇಲಿ" ಎಂದಳು. ನಲವತ್ತು ದಾಟಿದ ಮಗನಿಗೆ ಅವಳು ಇದನ್ನು ಹೇಳಿದ್ದು ಅದೇ ಮೊದಲು.

"ಆ ಬುಟ್ಟಿ ಮುದುಕಿಗೆ ಎಪ್ಪತ್ತು ರೂಪಾಯಿ ಕೊಟ್ಟು ಬರಾಣ, ತಿರುಗಿಸು ಗಾಡಿ." ಗಡಿಯಾರ ನೋಡಿದೆವು. ಹಿಂದಿರುಗಿದರೆ ಗೇಟು ಸಿಗದು, ಮರುದಿನ ಮುಂಜಾನೆ ನಮ್ಮ ಧರ್ಮಕೇಂದ್ರದಲ್ಲಿ ಪೂಜೆ. ಆಗದೆಂದೆವು. ಅವ್ವ 70 ರೂಪಾಯಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಹ್ಯಾಂಡ್‌ಪೋಸ್ಟ್ ಬರುವವರೆಗೂ ಮಾತಿಲ್ಲ.

ಮತ್ತಾಯನ ಶುಭಸಂದೇಶದ 20ನೇ ಅಧ್ಯಾಯದಲ್ಲಿ ದ್ರಾಕ್ಷಿತೋಟದ ಯಜಮಾನನೊಬ್ಬ ಸಂತೆಬೀದಿಗೆ ಹೋಗಿ ಆಳುಗಳನ್ನು ಕರೆಯುತ್ತಾನೆ. ಸಂಜೆ ಬಂದವನಿಗೂ ಪೂರ್ತಿ ದಿನದ ಕೂಲಿ. ಆ ಸಾಮತಿಯ ಮೇಲೆ ಎಷ್ಟೋ ಪ್ರಸಂಗ ಮಾಡಿದ್ದೇವೆ. ಸಂತೆಬೀದಿಯಲ್ಲಿ ಕಾದು ನಿಂತವರಲ್ಲಿ ನಮ್ಮ ಅಜ್ಜಿಯೂ ಇದ್ದಳೆಂದು ಮಾತ್ರ ಎಂದೂ ಅನ್ನಿಸಿರಲಿಲ್ಲ.

ಈ ವರ್ಷ ಮತ್ತೆ ಹೋದೆವು. ಅಂಗಡಿಸಾಲನ್ನು ಮೂರು ಸಲ ಸುತ್ತಿದರೂ ಆ ಮುದುಕಿ ಕಾಣಲಿಲ್ಲ. ಹಣವನ್ನು ಕಾಣಿಕೆ ಡಬ್ಬಿಗೆ ಹಾಕೋಣವೆಂದರೆ ಅವ್ವ ಒಪ್ಪಲಿಲ್ಲ. "ಡಬ್ಬಿಗೆ ಹಾಕಿದ್ರೆ ಅವಳಿಗೆ ಸೇರ್ತದಾ?" ಗಂಟು ಹಾಗೆಯೇ ಮನೆಗೆ ಬಂತು.

ಪ್ರಿಯ ಓದುಗರೇ, ಅವ್ವ ಚೌಕಾಸಿ ಬಿಟ್ಟಿದ್ದಾಳೆಂದು ತಿಳಿಯಬೇಡಿ. ಪ್ಲಾಸ್ಟಿಕ್ ಕೊಡದವನನ್ನು ಈ ಸಲವೂ ಅರ್ಧ ಗಂಟೆ ಕಾಡಿದಳು. ಆದರೆ ಕೈಯಿಂದ ಮಾಡಿದ ವಸ್ತು ಕಂಡರೆ 'ಎತ್ರಯಾ' ಎನ್ನುವ ಮುಂಚೆ ಈಗ ಇನ್ನೊಂದು ಪ್ರಶ್ನೆ ಕೇಳುತ್ತಾಳೆ: "ಇದನ್ನ ಮಾಡಕ್ಕೆ ಎಷ್ಟು ದಿನ ಹಿಡೀತು?" ಮುಂದಿನ ಸಂತೆಯಲ್ಲಿ ನೀವೂ ಒಮ್ಮೆ ಕೇಳಿ ನೋಡಿ. ಉತ್ತರ ಕೇಳಿದ ಮೇಲೆ ಬೆಲೆ ಇಳಿಸಲು ಬಾಯಿ ಬಂದರೆ ಇಳಿಸಿ.