ನೇತ್ರಾಣಿಯ ನೀರಿನಲ್ಲಿ ಕಿವಿಯ ಪಾಡು

ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳವೆಂದು ಹೆಸರಾದ ಕ್ಷೇತ್ರ. ಫೆಬ್ರವರಿಯ ಜಯಂತಿಗೆ ದೂರದೂರದ ತಾಂಡಾಗಳಿಂದ ಬಂಜಾರ ಭಕ್ತರು ಇಲ್ಲಿ ನೆರೆಯುತ್ತಾರೆ. ಈ ಸನ್ನಿಧಿಯಿಂದ ಶಿವಮೊಗ್ಗ, ಸಾಗರ, ಜೋಗಗಳನ್ನು ಹಾದು ಪಡುವಣ ಕಡಲಿನತ್ತ ಪಯಣ ಮುಂದುವರಿಸಿದವರಿಗೆ ಗೇರುಸೊಪ್ಪೆಯ ಘಟ್ಟದಲ್ಲಿ ಒಂದು ಅನುಭವ ಕಾದಿರುತ್ತದೆ. ಬಸ್ಸು ತಿರುವುಗಳನ್ನು ಇಳಿದಂತೆಲ್ಲ ಕಿವಿ ಮುಚ್ಚಿಕೊಂಡು, ಪಕ್ಕದವರ ಮಾತು ಗೋಡೆಯಾಚೆಯಿಂದ ಬಂದಂತೆ ಕೇಳಿಸತೊಡಗುತ್ತದೆ. ಉಗುಳು ನುಂಗಿದರೆ ‘ಟಕ್’ ಎಂದು ತೆರೆಯುತ್ತದೆ. ಮರುಗಳಿಗೆಯಲ್ಲಿ ಮರೆತೂ ಹೋಗುತ್ತದೆ. ಕಡಲಿಗೆ ಮುಳುಗ ಹೊರಟವನು ಮಾತ್ರ ಇದನ್ನು ಮರೆಯಲಾಗದು.

ಹೊನ್ನಾವರದಿಂದ ತೆಂಕಣಕ್ಕೆ ತಿರುಗಿದರೆ ಮುರುಡೇಶ್ವರ. ೧೨೩ ಅಡಿಯ ಶಿವನ ವಿಗ್ರಹವನ್ನು ವರ್ಣಿಸಿ ಸಾಕಷ್ಟು ಕಾಗದ ಖರ್ಚಾಗಿರುವುದರಿಂದ ಇಲ್ಲಿ ಅದರ ಮಾತು ಬೇಡ. ದಡದಿಂದ ಸುಮಾರು ೧೯ ಕಿಲೋಮೀಟರ್ ದೂರದಲ್ಲಿ, ಜನವಸತಿಯಿಲ್ಲದ ನೇತ್ರಾಣಿ ದ್ವೀಪವಿದೆ. ಕಡಿದಾದ ಬಂಡೆಗಳು, ಮೇಲೆ ಕಾಡು, ಅಲ್ಲಿ ಮೇಯುವ ಆಡುಗಳು, ಆಕಾಶದಲ್ಲಿ ಸುತ್ತುವ ಬಿಳಿಹೊಟ್ಟೆಯ ಕಡಲಹದ್ದು. ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ಯಂತ್ರದ ದೋಣಿಗಳು ಪ್ರವಾಸಿಗರನ್ನು ಅಲ್ಲಿಗೆ ಒಯ್ಯುತ್ತವೆ. ೨೦೨೨ರಲ್ಲಿ ತೆರೆಕಂಡ, ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ಯಲ್ಲಿ ಈ ನೀರಿನ ಒಳಲೋಕವನ್ನು ಕಂಡ ಅನೇಕರಿಗೆ, ಈಜು ಬಾರದವರಿಗೂ, ಒಮ್ಮೆ ಮುಳುಗಿ ನೋಡುವ ಆಸೆ ಹುಟ್ಟಿದೆ.

ಬೆನ್ನಿಗೆ ಗಾಳಿಯ ಸಿಲಿಂಡರು, ಬಾಯಲ್ಲಿ ಉಸಿರಿನ ನಳಿಗೆ, ಜೊತೆಗೊಬ್ಬ ಬೋಧಕ: ಸ್ಕೂಬಾ ಎಂದರೆ ಇಷ್ಟೆ. ಹೊಸಬರು ಅಂಜುವುದು ಉಸಿರಿಗೆ. ಪೆಟ್ಟು ಬೀಳುವುದು ಬಹುಮಟ್ಟಿಗೆ ಕಿವಿಗೆ. ಐದಾರು ನೂರು ಮೀಟರ್ ಎತ್ತರದ ಘಟ್ಟವನ್ನು ಇಳಿದಾಗ ಹೆಚ್ಚುವ ಒತ್ತಡವನ್ನು ನೀರು ಒಂದು ಮೀಟರಿನೊಳಗೇ ಹೇರಿಬಿಡುತ್ತದೆ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಬಾವಿಯಲ್ಲಿ ಎರಡಾಳು ನೀರಿನ ತಳದ ಕಲ್ಲನ್ನು ಮುಟ್ಟಿಬಂದ ಹಳ್ಳಿಯ ಹುಡುಗರಿಗೆ ಆ ಚುಚ್ಚುವ ನೋವು ಚೆನ್ನಾಗಿ ಗೊತ್ತು.

ಕಿವಿಯ ತಮಟೆಯ ಹಿಂದೆ ಗಾಳಿ ತುಂಬಿದ ಪುಟ್ಟ ಕೋಣೆಯೊಂದಿದೆ. ಅಲ್ಲಿಂದ ಗಂಟಲಿನ ಮೇಲ್ಭಾಗಕ್ಕೆ ಒಂದು ಕಿರುನಾಳ. ಉಗುಳು ನುಂಗಿದಾಗ ತೆರೆಯುವುದು ಅದೇ. ಮೂಗನ್ನು ಹಿಡಿದು ಮೆಲ್ಲಗೆ ಊದಿದರೂ ತೆರೆದು, ಒಳಹೊರಗಿನ ಒತ್ತಡ ಸಮವಾಗುತ್ತದೆ. ಈ ಉಪಾಯಕ್ಕೆ ಇಟಲಿಯ ವೈದ್ಯ ವಾಲ್ಸಾಲ್ವನ ಹೆಸರಿದೆ. ಕಿವಿಯನ್ನು ಕುರಿತ ಅವನ ಗ್ರಂಥ ಪ್ರಕಟವಾದದ್ದು ೧೭೦೪ರಲ್ಲಿ. ನೋವು ಬಂದ ಮೇಲಲ್ಲ, ಬರುವ ಮೊದಲೇ, ಅರ್ಧ ಮೀಟರಿಗೊಮ್ಮೆ ಹೀಗೆ ಮಾಡುತ್ತ ಇಳಿಯಬೇಕು. ನೆಗಡಿಯಾಗಿದ್ದರೆ ನಾಳ ತೆರೆಯುವುದಿಲ್ಲ. ಬಲವಂತವಾಗಿ ಊದಿದರೆ ತಮಟೆ ಹರಿಯಬಹುದು. ಅದಕ್ಕಿಂತ ಕೆಟ್ಟದ್ದು, ಒಳಗಿವಿಯ ತೆಳುಪೊರೆ ಸೀಳಿ ಶ್ರವಣಶಕ್ತಿಯೇ ಕುಂದಬಹುದು.

ಆದರೂ ಊದುತ್ತಾರೆ. ಹಣ ಕಟ್ಟಿಯಾಗಿದೆ, ಹೆಂಡತಿ ಮಕ್ಕಳು ದೋಣಿಯಲ್ಲಿ ಕುಳಿತು ನೋಡುತ್ತಿದ್ದಾರೆ. ಕಿವಿ ನೋಯುತ್ತದೆಂದು ಮೇಲೆ ಬರುವುದು ಹೇಗೆ? ಈ ಸಂಕೋಚವೇ ನೀರಿಗಿಂತ ಅಪಾಯಕರ. ಭಾಷೆಯ ತೊಡಕೂ ಉಂಟು. ದಡದ ಮೇಲೆ ‘ಭೇಷ್’ ಎನ್ನಲು ಎತ್ತುವ ಹೆಬ್ಬೆರಳಿಗೆ ನೀರಿನಲ್ಲಿ ‘ಮೇಲಕ್ಕೆ ಹೋಗೋಣ’ ಎಂದು ಅರ್ಥ. ಅಂಗೈಯನ್ನು ಓಲಾಡಿಸಿ ಕಿವಿಯತ್ತ ಬೆರಳು ಮಾಡಿದರೆ ತೊಂದರೆಯೆಂದು ಬೋಧಕನಿಗೆ ತಿಳಿಯುತ್ತದೆ. ಆಗ ಒಂದೆರಡು ಮೀಟರ್ ಮೇಲೇರಿ ಮತ್ತೆ ಪ್ರಯತ್ನಿಸಬಹುದು. ಆಗದಿದ್ದರೆ ಆ ದಿನದ ಮುಳುಗಾಟ ಮುಗಿಯಿತು.

ಕಿವಿಯೆಂದೊಡನೆ ಮನೆಯ ಅಜ್ಜಿಯರಿಗೆ ನೆನಪಾಗುವುದು ಕುಲಾವಿ. ಮುಳುಗುವವರಲ್ಲಿಯೂ ರಬ್ಬರಿನ ಕುಲಾವಿಯುಂಟು. ನೇತ್ರಾಣಿಯ ಬೆಚ್ಚನೆಯ ನೀರಿನಲ್ಲಿ ಅದರ ಅಗತ್ಯ ಅಷ್ಟಾಗಿಲ್ಲ. ಕ್ಯಾಲಿಫೋರ್ನಿಯದಲ್ಲಿ ನೆಲೆಸಿದ ಕನ್ನಡದ ತರುಣರು ಮಾಂಟೆರೆ ಕೊಲ್ಲಿಯ ಕೊರೆಯುವ ನೀರಿಗಿಳಿಯುವಾಗ ಅದಿಲ್ಲದೆ ಆಗದು. ಆದರೆ ಕುಲಾವಿ ತಲೆಯನ್ನು ಬೆಚ್ಚಗಿಟ್ಟೀತೇ ಹೊರತು ಒತ್ತಡವನ್ನು ತಡೆಯದು. ಮಾತ್ರವಲ್ಲ, ತೀರ ಬಿಗಿಯಾಗಿ ಕಿವಿಗೆ ಅಂಟಿಕೊಂಡರೆ ಒಳಗೆ ಗಾಳಿ ಸಿಕ್ಕಿಬಿದ್ದು, ಇಳಿದಂತೆ ಕುಗ್ಗಿ, ತಮಟೆಯನ್ನು ಹೊರಕ್ಕೆ ಸೆಳೆಯುತ್ತದೆ. ಆದ್ದರಿಂದಲೇ ಬಲ್ಲವರು ನೀರಿಗಿಳಿದೊಡನೆ ಕುಲಾವಿಯ ಅಂಚನ್ನೆಳೆದು ಎರಡೂ ಕಿವಿಗೆ ನೀರು ಬಿಟ್ಟುಕೊಳ್ಳುತ್ತಾರೆ. ಒಂದೇ ಕಿವಿಗೆ ತಣ್ಣೀರು ಹೊಕ್ಕರೆ ತಲೆ ಗಿರ್ರನೆ ತಿರುಗುತ್ತದೆ. ಈ ವಿದ್ಯಮಾನದ ಮರ್ಮವನ್ನು ವಿವರಿಸಿದ ರಾಬರ್ಟ್ ಬಾರಾನಿಗೆ ೧೯೧೪ರ ನೊಬೆಲ್ ಪಾರಿತೋಷಕ ಸಂದಿತು. ಕಿವಿಗೆ ಬಿರಟೆಯನ್ನಂತೂ ಇಡಲೇಬಾರದು.

ದಡಕ್ಕೆ ಮರಳಿದ ಮೇಲೆ ಕಿವಿ ಮಂದವಾಗಿ, ರಕ್ತ ಜಿನುಗಿದರೆ ಅಥವಾ ತಲೆ ಸುತ್ತಿದರೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುವ ವಾತ್ಸಲ್ಯ ಅನೇಕ ಮನೆಗಳಲ್ಲಿದೆ. ಹರಿದ ತಮಟೆಯ ಮೂಲಕ ಆ ಎಣ್ಣೆ ನಡುಗಿವಿಗೇ ಇಳಿಯುತ್ತದೆ. ಕಿವಿಯನ್ನು ಒಣದಾಗಿಟ್ಟು ವೈದ್ಯರಿಗೆ ತೋರಿಸಿದರೆ, ಸಣ್ಣ ಸೀಳು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನೇ ಕೂಡಿಕೊಳ್ಳುತ್ತದೆ. ಕೇಳಿಸುವುದೇ ಕಡಿಮೆಯಾಗಿ ಲೋಕವೆಲ್ಲ ಸುತ್ತತೊಡಗಿದರೆ ಮಾತ್ರ ವಾರಗಳವರೆಗೆ ಕಾಯುವಂತಿಲ್ಲ. ಆ ದಿನವೇ ಕಿವಿಯ ತಜ್ಞರನ್ನು ಕಾಣಬೇಕು.