ಎರಡನೇ ಅಂಡೆ ಮದ್ದು

ಬ್ಯಾಂಕಿನಲ್ಲಿ ದುಡಿಯುವವರಿಗೆ ತೂಕದ ಮೇಲೆ ಒಂದು ಬಗೆಯ ಭಯಭಕ್ತಿ ತಾನಾಗಿಯೇ ಬಂದುಬಿಡುತ್ತದೆ. ಕಾಸರಗೋಡಿನ ಒಳನಾಡಿನ ಒಂದು ಸಣ್ಣ ಶಾಖೆಯಲ್ಲಿ ನಾನು ಗುಮಾಸ್ತ. ನಮ್ಮಲ್ಲಿಗೆ ಬರುವವರಲ್ಲಿ ಬಹಳಷ್ಟು ಮಂದಿ ಚಿನ್ನದ ಸಾಲಕ್ಕೆ ಬರುವವರು. ಸರಾಫರು ಬಳೆಯನ್ನು ತಕ್ಕಡಿಗಿಟ್ಟು ತೂಕ ಹೇಳುತ್ತಾರೆ, ನಾನು ಬರೆಯುತ್ತೇನೆ, ಮ್ಯಾನೇಜರು ನೋಡಿ ಸಹಿ ಹಾಕುತ್ತಾರೆ. ಒಬ್ಬ ಮಾಡಿದ್ದನ್ನು ಇನ್ನೊಬ್ಬ ನೋಡದೆ ಚಿನ್ನದ ಚೀಲ ಕಪಾಟಿನ ಒಳಗೆ ಹೋಗುವಂತಿಲ್ಲ. ಈ ನಿಯಮ ನನಗೆ ಬಹಳ ಇಷ್ಟ. ಯಾಕೆ ಇಷ್ಟ ಎಂಬುದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಕಳೆದ ಬೇಸಗೆಯಲ್ಲಿ ಅಕ್ಕನ ಮಗ ಅಮೆರಿಕದಿಂದ ಬಂದಿದ್ದ. ಮೂರು ವರ್ಷದ ಮಗುವಾಗಿದ್ದಾಗ ಹೋದವನು, ಈಗ ಅಲ್ಲಿಯವನೇ. ಮನೆಮಾತಿನಷ್ಟು ಕನ್ನಡ ಬರುತ್ತದೆ, ಓದಲು ಬಾರದು. ಇಂಜಿನಿಯರ್ ಕೆಲಸ. ರಜಾದಿನಗಳಲ್ಲಿ ರೈಫಲ್ ಹಿಡಿದು 1000 ಗಜ ದೂರದ ಕಾಗದದ ಗುರಿಗೆ ಹೊಡೆಯುವುದು ಅವನ ಹವ್ಯಾಸ. ಅದಕ್ಕೆ ಬೇಕಾದ ತೋಟೆಗಳನ್ನು ಅಂಗಡಿಯಿಂದ ತರುವುದಿಲ್ಲ, ತಾನೇ ಮನೆಯಲ್ಲಿ ಕೂತು ತುಂಬುತ್ತಾನೆ. ಆ ದೇಶದಲ್ಲಿ ಇದು ಕಾನೂನಿಗೆ ಒಪ್ಪಿಗೆಯಾದ ಕೆಲಸ, ಲಕ್ಷಗಟ್ಟಲೆ ಜನ ಮಾಡುತ್ತಾರಂತೆ.

ನಮ್ಮ ಮನೆಯಲ್ಲಿ ಕೋವಿಯ ಮಾತು ಎತ್ತುವ ರೂಢಿ ಇಲ್ಲ. ಅಕ್ಕ ಅವನಿಗೆ ಏನೂ ಹೇಳಿರಲಿಲ್ಲವೆಂದು ಕಾಣುತ್ತದೆ. ರಾತ್ರಿ ಊಟವಾದ ಮೇಲೆ ಚಾವಡಿಯಲ್ಲಿ ಅಜ್ಜನ ಪಕ್ಕ ಕೂತು ಒಂದು ದಪ್ಪ ನೋಟುಪುಸ್ತಕ ಬಿಡಿಸಿದ. ಅಪ್ಪ ಎದ್ದುಹೋಗುತ್ತಾರೆ ಎಂದುಕೊಂಡೆ. ಅವರು ಕನ್ನಡಕ ಏರಿಸಿ, ಕೇಳಿಸುವ ಎಡಗಿವಿಯನ್ನು ಅವನ ಕಡೆಗೆ ತಿರುಗಿಸಿ ಕೂತರು.

"ಗುಂಡು ಒಂದಾದರೂ ತರಲಿಲ್ಲವಾ?"

"ಇಲ್ಲ ಅಜ್ಜ. ಖಾಲಿ ತೋಟೆ ಚೀಲದಲ್ಲಿ ಸಿಕ್ಕಿದರೂ ವಿಮಾನ ನಿಲ್ದಾಣದಲ್ಲಿ ಹಿಡಿದು ಕೂರಿಸುತ್ತಾರೆ. ಪುಸ್ತಕ ಮಾತ್ರ ತಂದೆ."

ತೋಟೆಯೆಂದರೆ ನಾಲ್ಕು ವಸ್ತು: ಹಿತ್ತಾಳೆಯ ಕೋಶ, ಅದರ ಬುಡದಲ್ಲಿ ಕಿಡಿ ಹುಟ್ಟಿಸುವ ಪ್ರೈಮರ್, ಒಳಗೆ ಮದ್ದು, ಬಾಯಿಯಲ್ಲಿ ಗುಂಡು. ನಮ್ಮ ಹಳೆಯ ಕೇಪಿನ ಕೋವಿಗೆ ಒಂದೊಂದಾಗಿ ನಳಿಗೆಯ ಬಾಯಿಯಿಂದ ಹಾಕುತ್ತಿದ್ದುದನ್ನೇ ಇಲ್ಲಿ ಒಂದು ಡಬ್ಬಿಯಲ್ಲಿ ಕಟ್ಟಿದ್ದಾರೆ, ಅಷ್ಟೆ. ಅವನ ರೈಫಲು ಮ್ಯಾಗ್ನಮ್ ಜಾತಿಯದು, ಅಂದರೆ ಕೋಶ ದೊಡ್ಡದು, ಮದ್ದು ಹೆಚ್ಚು ಹಿಡಿಯುತ್ತದೆ. 1935ರಲ್ಲಿ ಓಹಿಯೋ ರಾಜ್ಯದ ಕ್ಯಾಂಪ್ ಪೆರಿಯಲ್ಲಿ ಬೆನ್ ಕಂಫರ್ಟ್ ಎಂಬವರು .300 ಹಾಲೆಂಡ್ ಮ್ಯಾಗ್ನಮ್ ಹಿಡಿದು 1000 ಗಜದ ವಿಂಬಲ್ಡನ್ ಕಪ್ ಗೆದ್ದ ಮೇಲೆ ಗುರಿಕಾರರ ಕಣ್ಣು ಈ ಜಾತಿಯ ಮೇಲೆ ಬಿತ್ತು. ಇವನದು 1963ರಲ್ಲಿ ಬಂದ .300 ವಿಂಚೆಸ್ಟರ್ ಮ್ಯಾಗ್ನಮ್.

"ಗುಂಡು ಯಾವುದೆಂದು ಹೇಗೆ ಆರಿಸುತ್ತಿ? ನಮ್ಮದು ಹಂದಿಗೆ ದೊಡ್ಡದು, ಹಕ್ಕಿಗೆ ಚರೆ," ಎಂದರು ಅಪ್ಪ.

ಹಗುರದ ಗುಂಡು ನಳಿಗೆಯಿಂದ ವೇಗವಾಗಿ ಹೊರಡುತ್ತದೆ, ಆದರೆ ಗಾಳಿ ಅದನ್ನು ಬೇಗ ಸುಸ್ತು ಮಾಡುತ್ತದೆ. ಭಾರದ, ಉದ್ದನೆಯ ಗುಂಡು ನಿಧಾನವಾಗಿ ಹೊರಟರೂ ವೇಗ ಉಳಿಸಿಕೊಳ್ಳುತ್ತದೆ, ಅಡ್ಡಗಾಳಿಗೆ ಕಡಿಮೆ ಸರಿಯುತ್ತದೆ. ಹಾಗಾಗಿ ದೂರದ ಗುರಿಗೆ ಅವನು ಆರಿಸುವುದು 190, 200, 220 ಗ್ರೇನಿನವು. ಮೂತಿ ಸೂಜಿಯಂತೆ ಚೂಪು, ಹಿಂಬದಿ ದೋಣಿಯ ಹಿಂಭಾಗದಂತೆ ಸಪೂರ. ಗುಂಡು ಉದ್ದವಾದಷ್ಟೂ ಅದನ್ನು ಹೆಚ್ಚು ಬಿಗಿಯಾಗಿ ತಿರುಗಿಸಬೇಕು, ಇಲ್ಲವಾದರೆ ಆಕಾಶದಲ್ಲಿ ತಲೆಕೆಳಗಾಗುತ್ತದೆ. ಅವನ ನಳಿಗೆಯ ಒಳಗಿನ ಸುರುಳಿ ಗೆರೆ 10 ಇಂಚಿಗೆ ಒಂದು ಸುತ್ತು.

ಗ್ರೇನ್ ಎಂದದ್ದೇ ನನ್ನ ಕಿವಿ ನೆಟ್ಟಗಾಯಿತು. ಅದು ನಮ್ಮ ಚಿನ್ನದ ಲೆಕ್ಕದ ಹಳೆಯ ನೆಂಟ. 180 ಗ್ರೇನಿಗೆ ಒಂದು ತೊಲ, ಗ್ರಾಮಿನಲ್ಲಿ 11.66. ಒಂದು ತೊಲಕ್ಕೆ 96 ಗುಲಗಂಜಿ. 180 ಗ್ರೇನಿನ ಗುಂಡೆಂದರೆ ಸರಿಯಾಗಿ ಒಂದು ತೊಲ! ಹೇಳಿದೆ. ಅಳಿಯ ನಕ್ಕು ಅದನ್ನೂ ಪುಸ್ತಕದಲ್ಲಿ ಬರೆದುಕೊಂಡ.

ಉಳಿದ ಮೂರು ವಸ್ತುಗಳ ಮೇಲೂ ಅಷ್ಟೇ ನಿಗಾ. ಕೋಶಗಳನ್ನು ತೂಗಿ, ಸಮತೂಕದವನ್ನು ಒಟ್ಟಿಗೆ ಇಡುತ್ತಾನೆ. ಕೆಲವು ಸಲ ಹೊಡೆದ ಮೇಲೆ ಹಿತ್ತಾಳೆ ಬುಡದ ಹತ್ತಿರ ತೆಳುವಾಗುತ್ತದೆ, ಅಲ್ಲಿ ಬಳೆಯಂಥ ಹೊಳೆಯುವ ಗೆರೆ ಕಂಡರೆ ಆ ಕೋಶ ಕಸಕ್ಕೆ. ಮದ್ದು ನಿಧಾನ ಉರಿಯುವ ಬಗೆಯದು, ಪ್ರಮಾಣವೂ ಹೆಚ್ಚು, ಹಾಗಾಗಿ ಕಿಡಿ ಬಲವಾಗಿರಬೇಕೆಂದು ಅದಕ್ಕೇ ಮಾಡಿದ ಪ್ರೈಮರ್. ಮದ್ದಿನ ತೂಕ ಗ್ರೇನಿನ ಹತ್ತನೇ ಒಂದು ಭಾಗದವರೆಗೆ. ತಯಾರಕರು ಅಚ್ಚು ಹಾಕಿಸಿದ ಪಟ್ಟಿಯನ್ನು ನೋಡದೆ, ಅದರ ಕೆಳಗಿನ ತೂಕದಿಂದ ಶುರುಮಾಡದೆ ಯಾರೂ ಮುಂದೆ ಹೋಗಬಾರದು. ಇಷ್ಟೆಲ್ಲ ಯಾಕೆಂದರೆ, ಹೊರಡುವ ವೇಗದಲ್ಲಿ ಸೆಕೆಂಡಿಗೆ 30 ಅಡಿಯ ವ್ಯತ್ಯಾಸ ಬಂದರೂ 1000 ಗಜದಾಚೆ ಗುಂಡು ಹೆಚ್ಚುಕಡಿಮೆ ಒಂದು ಗೇಣು ಮೇಲೆಯೋ ಕೆಳಗೋ ಬೀಳುತ್ತದೆ.

"ಮದ್ದು ಎರಡು ಸಲ ಬಿದ್ದರೆ?"

ಕೇಳಿದ್ದು ನಾನೇ. ಕೇಳಿದ ಮೇಲೆ ಗಂಟಲು ಒಣಗಿತು.

"ಈ ಕೋಶಕ್ಕೆ ಎರಡು ಸಲ ಹಿಡಿಯುವುದಿಲ್ಲ ಮಾವ, ಹೊರಗೆ ಚೆಲ್ಲುತ್ತದೆ. ಸಣ್ಣ ತೋಟೆಗಳಲ್ಲಿ ಮಾತ್ರ ಅಪಾಯ. ಆದರೂ ನಾನು ನೋಡಿಯೇ ನೋಡುತ್ತೇನೆ. 50 ತೂತಿನ ಮರದ ಹಲಗೆಯಲ್ಲಿ ಕೋಶಗಳನ್ನು ಸಾಲಾಗಿ ನಿಲ್ಲಿಸಿ, ಗುಂಡು ಕೂರಿಸುವ ಮೊದಲು ಟಾರ್ಚ್ ಹಾಕಿ ಒಂದೊಂದರ ಒಳಗೂ ನೋಡುವುದು. ಮದ್ದು ಎಲ್ಲದರಲ್ಲೂ ಒಂದೇ ಮಟ್ಟದಲ್ಲಿ ಇರಬೇಕು. ಆ ಹೊತ್ತಿಗೆ ಫೋನ್ ಬಂದರೆ ತೆಗೆಯುವುದಿಲ್ಲ."

ಇನ್ನು ಸುಮ್ಮನಿರಲು ನನ್ನಿಂದಾಗಲಿಲ್ಲ.

1988. ನನಗೆ 11 ವರ್ಷ. ಅಪ್ಪನಿಗೆ ಬೆಳೆ ರಕ್ಷಣೆಯ ಲೈಸನ್ಸಿನ ಒಂಟಿ ನಳಿಗೆಯ ಕೇಪಿನ ಕೋವಿ ಇತ್ತು. ಮದ್ದು ತರುತ್ತಿದ್ದುದು ಪೇಟೆಯ ಒಬ್ಬರು ಕಾಕನ ಅಂಗಡಿಯಿಂದ. ಲೈಸನ್ಸಿದ್ದ ಅಂಗಡಿ. ಊರೆಲ್ಲ ಅವರನ್ನು ಮದ್ದಿನ ಕಾಕ ಎನ್ನುತ್ತಿತ್ತು. ತೋಟೆಗೆ ಮಲಯಾಳದಲ್ಲಿ ತಿರ ಎನ್ನುತ್ತಾರೆ, ಕಡಲಿನ ತೆರೆಗೂ ತಿರ ಎಂದೇ ಹೆಸರು. ಕಾಕ ಕಪಾಟಿನಿಂದ ತಿರ ತೆಗೆದು ಕೊಡುತ್ತಾರೆಂದು ಕೇಳಿದಾಗ ನಾನು ಕಡಲನ್ನೇ ಕಪಾಟಿನಲ್ಲಿ ಕಲ್ಪಿಸಿಕೊಂಡಿದ್ದೆ. ಅಪ್ಪನಿಗೂ ಅವರಿಗೂ ಬಹಳ ಸಲಿಗೆ. ನಮ್ಮ ಹಲಸಿನಹಣ್ಣು ಅಲ್ಲಿಗೆ, ಪೆರ್ನಾಳಿನ ತುಪ್ಪದನ್ನದ ಬದಲಿಗೆ ಒಂದು ಚೀಲ ಖರ್ಜೂರ ಇಲ್ಲಿಗೆ.

ಒಂದು ಮುಸ್ಸಂಜೆ ಕೆಳಗಿನ ಗೆಣಸಿನ ಸಾಲಿಗೆ ಹಂದಿ ಬಿತ್ತು. ಹೆದರಿಸಿ ಓಡಿಸಲೆಂದು ಅಪ್ಪ ಬಿದಿರಿನ ಸಣ್ಣ ಅಂಡೆಯಿಂದ ಒಂದು ಅಳತೆ ಮದ್ದು ನಳಿಗೆಗೆ ಹಾಕಿದರು. ಕೋವಿಯನ್ನು ಚಾವಡಿಯ ಕಂಬಕ್ಕೆ ಒರಗಿಸಿ ತೆಂಗಿನ ನಾರು ತರಲು ಒಳಗೆ ಹೋದರು. ನಾನು ಕೊಟ್ಟಿಗೆಯಿಂದ ಆಗಷ್ಟೇ ಬಂದವನು, ಹಾಕಿದ್ದನ್ನು ನೋಡಿರಲಿಲ್ಲ. ಅಪ್ಪನಿಗೆ ಸಹಾಯ ಮಾಡಬೇಕು, ಭೇಷ್ ಅನ್ನಿಸಿಕೊಳ್ಳಬೇಕು ಎಂದು ಇನ್ನೊಂದು ಅಂಡೆ ಹಾಕಿದೆ. ಅಪ್ಪ ಬಂದರು, ನಾರು ತುರುಕಿ ಸರಳಿನಿಂದ ಅದುಮಿದರು, ಚರೆ ಹಾಕಿದರು. ಸರಳಿನ ಮೇಲೆ ಒಂದು ಗೆರೆ ಕೊರೆದಿತ್ತು. ಮದ್ದು ಸರಿಯಿದ್ದರೆ ಅದು ನಳಿಗೆಯ ಬಾಯಿಗೆ ಸಮ ಬರಬೇಕು. ಅಂದು ಕತ್ತಲೆ, ನಾಯಿ ಬೊಗಳಾಟ, ಅವಸರ. ಗೆರೆಯನ್ನು ಯಾರೂ ನೋಡಲಿಲ್ಲ.

ಹಳೆಯ ನಳಿಗೆ ಬುಡದ ಹತ್ತಿರ ಸೀಳಿತು. ಅಪ್ಪನ ಎಡಗೈಯ ಎರಡು ಬೆರಳು ಆಮೇಲೆ ಮಡಚಲಿಲ್ಲ. ಬಲಗಿವಿ ಹೋಯಿತು.

ಆಸ್ಪತ್ರೆಯಿಂದ ಬಂದವರು ಕೈಗೆ ಕಟ್ಟು ಇರುವಂತೆಯೇ ಕಾಕನ ಅಂಗಡಿಗೆ ಹೋದರು. ಹಾಳು ಮದ್ದು ಕೊಟ್ಟಿದ್ದಿ, ನನ್ನ ಕೈ ತೆಗೆದಿದ್ದಿ ಎಂದು ಪೇಟೆಯ ಜನರೆದುರು ಕೂಗಿದರು. ನಾನು ಪಕ್ಕದಲ್ಲೇ ಇದ್ದೆ. "ಎನ್ನ ಮದ್ದು ಹಾಗಲ್ಲ ಭಟ್ರೇ," ಎಂದು ಕಾಕ ಒಂದೇ ಮಾತು ಹೇಳಿ, ಮದ್ದಿನ ದುಡ್ಡನ್ನು ಎಣಿಸಿ ಮೇಜಿನ ಮೇಲಿಟ್ಟರು. ಅಪ್ಪ ಮುಟ್ಟಲಿಲ್ಲ. ಅಂದಿನಿಂದ ನಮ್ಮ ಮನೆಯವರು ಆ ಅಂಗಡಿ ಬಂದಾಗ ರಸ್ತೆಯ ಆಚೆ ಬದಿಯಲ್ಲಿ ನಡೆದೆವು. ಕಾಕ ತೀರಿಕೊಂಡದ್ದು 2009ರಲ್ಲಿ. ಅವರ ಮಗ ಈಗ ಅಲ್ಲೇ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟಿದ್ದಾನೆ. ಚಿನ್ನ ಅಡವಿಡಲು ನನ್ನ ಕೌಂಟರಿಗೇ ಬರುತ್ತಾನೆ. ಅವನ ಹೆಂಡತಿಯ ಬಳೆಯ ತೂಕ ಬರೆಯುವಾಗಲೆಲ್ಲ ನಾನು ತಲೆಯೆತ್ತುತ್ತಿರಲಿಲ್ಲ.

ಇಷ್ಟನ್ನೂ ಚಾವಡಿಯಲ್ಲಿ ಹೇಳಿದೆ. ಅಪ್ಪನ ಮುಖ ನೋಡುವ ಧೈರ್ಯವಿರಲಿಲ್ಲ. ಗೋಡೆ ನೋಡುತ್ತಾ ಹೇಳಿದೆ.

ಬಹಳ ಹೊತ್ತಿನ ಮೇಲೆ ಅಪ್ಪ ಮೊಮ್ಮಗನ ಕಡೆಗೆ ತಿರುಗಿದರು. "ಆ ಮರದ ಹಲಗೆಯ ವಿಷಯ ಇನ್ನೊಮ್ಮೆ ಹೇಳು ಮಗಾ." ಅವನು ಹೇಳಿದ. "ಗೆರೆ ಕೊರೆದದ್ದು ನಾನೇ," ಎಂದರು ಅಪ್ಪ. "ಕೊರೆದವನೇ ನೋಡಲಿಲ್ಲ. ಮತ್ತೆ ಆ ಮನುಷ್ಯನನ್ನು ಬೈದೆ." ಎದ್ದು ಮಲಗಲು ಹೋದರು.

ಮರುದಿನ ಬೆಳಿಗ್ಗೆ ನಾನು ಹೊರಡುವ ಮೊದಲೇ ಅವರು ಬಿಳಿ ಅಂಗಿ ತೊಟ್ಟು ಜಗಲಿಯಲ್ಲಿ ಕೂತಿದ್ದರು. "ನಾನೂ ಬರುತ್ತೇನೆ," ಎಂದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ಅಂಗಡಿ ಆಗಷ್ಟೇ ತೆರೆದಿತ್ತು. ಕಾಕನ ಮಗ ಗಾಬರಿಯಿಂದ ಎದ್ದು ಸ್ಟೂಲು ಎಳೆದ. ಅಪ್ಪ ಕೂರಲಿಲ್ಲ. "ಮೋನೇ, ನಿನ್ನ ಉಪ್ಪನ ಮದ್ದು ಸರಿಯಿತ್ತು. ತಪ್ಪು ನಮ್ಮ ಮನೆಯಲ್ಲೇ ಆದದ್ದು," ಎಂದು ನಿಂತೇ ಹೇಳಿದರು. ಎರಡನೇ ಅಂಡೆಯ ಕಥೆಯನ್ನು ನಾನು ಹೇಳಿದೆ. ಅವನು ಮೊಳೆಯ ಡಬ್ಬಿಯ ಮೇಲೆ ಕೈಯಿಟ್ಟು ಕೇಳಿದ.

"ಆಮೇಲೆ ಉಪ್ಪ ಮದ್ದು ಮಾರಲೇ ಇಲ್ಲ," ಎಂದ. "ಲೈಸನ್ಸ್ ವಾಪಸು ಕೊಟ್ಟುಬಿಟ್ಟರು. ಯಾಕೆಂದು ಮನೆಯಲ್ಲಿ ಹೇಳಲಿಲ್ಲ."

ಸ್ವಲ್ಪ ಹೊತ್ತು ಬಿಟ್ಟು ನನ್ನ ಕಡೆ ನೋಡಿದ. ದನಿಯಲ್ಲಿ ಸಿಟ್ಟಿರಲಿಲ್ಲ.

"ಉಪ್ಪ ಇರುವಾಗ ಬರಬಹುದಿತ್ತು ಸಾರ್."

ಬರಬಹುದಿತ್ತು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅವನು ಹುಡುಗನನ್ನು ಕಳುಹಿಸಿ ಮೂರು ಚಾ ತರಿಸಿದ. ಅಪ್ಪ ಆಗ ಕೂತರು, ಮಡಚದ ಎರಡು ಬೆರಳನ್ನು ಲೋಟದ ಆಚೆ ನೇರವಾಗಿ ಚಾಚಿಕೊಂಡು ಚಾ ಕುಡಿದರು. ಹತ್ತು ಗಂಟೆಗೆ ನಾನು ಬ್ಯಾಂಕಿನಲ್ಲಿ ಇರಬೇಕಿತ್ತು. ಅಂದು ನನ್ನ ಸರ್ವಿಸಿನಲ್ಲಿ ಮೊದಲ ಬಾರಿಗೆ ತಡವಾಗಿ ಸಹಿ ಹಾಕಿದೆ.